ಅಮೆರಿಕನ್ ಸಾಹಿತ್ಯದ ಚಳವಳಿಗಳು: ಯಾರಿಟ್ಟ ಹೆಸರು, ಯಾವಾಗ ಇಟ್ಟದ್ದು?

ಪದವಿ ತರಗತಿಗಳಿಗೆ ಅಮೆರಿಕನ್ ಸಾಹಿತ್ಯ ಪಾಠ ಮಾಡಿದಷ್ಟು ಕಾಲ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುವುದನ್ನು ಕೇಳಿದ್ದೇನೆ. ಕೆಲವು ಹಿಂದಿನ ಬೆಂಚಿನಿಂದ ಬಂದವು, ಕೆಲವು ಪರೀಕ್ಷೆಯ ಹಿಂದಿನ ರಾತ್ರಿ ಫೋನಿನಲ್ಲಿ, ಇನ್ನು ಕೆಲವು ನಿವೃತ್ತರಾದ ಮೇಲೆ ಓದಲು ಕುಳಿತ ಹಿರಿಯರ ಪತ್ರಗಳಲ್ಲಿ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಅಟ್ಟಕ್ಕೆ ಹೋಗುವ ಹಾಗೆ ಜೋಡಿಸಿದ್ದರೂ ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಜಗಲಿ

ಬರೆದದ್ದು ಇಂಗ್ಲಿಷಿನಲ್ಲಿ ತಾನೇ? ಹಾಗಿದ್ದ ಮೇಲೆ ಅಮೆರಿಕನ್ ಸಾಹಿತ್ಯ ಎಂದು ಬೇರೆ ಪೇಪರ್ ಯಾಕೆ ಸರ್?

ಈ ಅನುಮಾನ ನಿಮ್ಮೊಬ್ಬರದೇ ಅಲ್ಲ. 1820ರಲ್ಲಿ ಸಿಡ್ನಿ ಸ್ಮಿತ್ ಎಂಬ ಇಂಗ್ಲಿಷ್ ಪಾದ್ರಿ ‘ಎಡಿನ್‌ಬರೋ ರಿವ್ಯೂ’ ಪತ್ರಿಕೆಯಲ್ಲಿ, ಭೂಮಿಯ ನಾಲ್ಕು ಮೂಲೆಗಳಲ್ಲಿ ಅಮೆರಿಕದ ಪುಸ್ತಕವನ್ನು ಓದುವವರು ಯಾರಿದ್ದಾರೆ ಎಂದು ಚುಚ್ಚಿದ್ದ. ಆ ಮುಳ್ಳು ಅಮೆರಿಕನ್ನರಿಗೆ ಬಹಳ ಕಾಲ ನೋಯುತ್ತಿತ್ತು. 1837ರಲ್ಲಿ ಚಿಂತಕ ಎಮರ್ಸನ್ ಹಾರ್ವರ್ಡ್‌ನಲ್ಲಿ ಮಾಡಿದ ಭಾಷಣ, ಯುರೋಪಿನ ಮನೆಬಾಗಿಲಲ್ಲಿ ನಿಂತು ಕೇಳಿಸಿಕೊಂಡದ್ದು ಸಾಕು ಎಂದು ಸಾರಿತು. ಅದನ್ನು ಅಮೆರಿಕದ ಬೌದ್ಧಿಕ ಸ್ವಾತಂತ್ರ್ಯ ಘೋಷಣೆ ಎಂದು ಕರೆದದ್ದು ಆಮೇಲೆ, ಆಲಿವರ್ ವೆಂಡೆಲ್ ಹೋಮ್ಸ್.

ಇದಲ್ಲದೆ ಹಣದ ಕಾರಣವೂ ಇತ್ತು. ಅದನ್ನು ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. 1891ರವರೆಗೆ ವಿದೇಶಿ ಲೇಖಕರ ಕೃತಿಸ್ವಾಮ್ಯಕ್ಕೆ ಅಮೆರಿಕದ ಕಾನೂನಿನಲ್ಲಿ ರಕ್ಷಣೆ ಇರಲಿಲ್ಲ. ಡಿಕನ್ಸ್‌ನ ಕಾದಂಬರಿಯನ್ನು ಪುಕ್ಕಟೆ ಅಚ್ಚು ಹಾಕಬಹುದಾಗಿದ್ದಾಗ ಸ್ವಂತ ದೇಶದ ಕಾದಂಬರಿಕಾರನಿಗೆ ಪ್ರಕಾಶಕ ದುಡ್ಡು ಯಾಕೆ ಕೊಡುತ್ತಾನೆ? ಹೀಗಾಗಿ ಅಲ್ಲಿನ ಲೇಖಕರು ಹೊಟ್ಟೆಪಾಡಿಗೆ ಮಾಸಪತ್ರಿಕೆಗಳ ಕಡೆ ತಿರುಗಿದರು. ಪೋ, ಹಾಥಾರ್ನ್ ಇವರ ಕೈಯಲ್ಲಿ ಸಣ್ಣಕತೆ ಅಷ್ಟು ಬೇಗ ಪಳಗಲು ಇದೂ ಒಂದು ಕಾರಣ. ಭಾಷೆ ಒಂದೇ ಆದರೂ ಸಂತೆ ಬೇರೆ, ಸಾಲ ಬೇರೆ, ಅಳಲು ಬೇರೆ.

ಚಳವಳಿಗಳ ಹೆಸರು, ಇಸವಿ ಎಲ್ಲ ಬಾಯಿಪಾಠ ಮಾಡಲೇಬೇಕಾ?

ಪರೀಕ್ಷೆಗಾದರೆ ಮಾಡಿ. ಓದಿಗಾದರೆ ಪ್ರತಿ ಹೆಸರಿನ ಮುಂದೆಯೂ ಎರಡು ಇಸವಿ ಬರೆದುಕೊಳ್ಳಿ: ಬರವಣಿಗೆ ನಡೆದ ಕಾಲ ಒಂದು, ಆ ಹೆಸರು ಹುಟ್ಟಿದ ಕಾಲ ಇನ್ನೊಂದು. ಇವೆರಡೂ ಒಂದೇ ಆಗಿರುವುದು ಅಪರೂಪ. ಹೆಸರಿಟ್ಟವರಲ್ಲಿ ಗೇಲಿ ಮಾಡುವವರಿದ್ದಾರೆ, ಪತ್ರಕರ್ತರಿದ್ದಾರೆ, ನೂರು ವರ್ಷ ಕಳೆದ ಮೇಲೆ ಬಂದ ಪ್ರಾಧ್ಯಾಪಕರಿದ್ದಾರೆ; ಒಬ್ಬ ಕಾರ್ ಗ್ಯಾರೇಜಿನ ಮಾಲೀಕನೂ ಇದ್ದಾನೆ. ಮಗು ಹುಟ್ಟಿ ಎಷ್ಟು ದಿನಕ್ಕೆ ನಾಮಕರಣವಾಯಿತು, ಕಿವಿಯಲ್ಲಿ ಹೆಸರು ಹೇಳಿದವರು ಯಾರು ಎಂಬುದು ಗೊತ್ತಾದರೆ ಮನೆಯ ಅರ್ಧ ಕತೆ ಗೊತ್ತಾದಂತೆ.

ಪ್ಯೂರಿಟನ್ನರು ಬರೆದದ್ದು ಬರೀ ಧರ್ಮೋಪದೇಶ. ಅದನ್ನು ಸಾಹಿತ್ಯ ಎಂದು ಯಾಕೆ ಓದಬೇಕು?

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದ ಆ ಕಟ್ಟುನಿಟ್ಟಿನ ಕ್ರೈಸ್ತರು ಬರೆದದ್ದು ಬಹುಪಾಲು ಉಪದೇಶವೇ. ಬ್ರಿಟಿಷ್ ಉತ್ತರ ಅಮೆರಿಕದಲ್ಲಿ ಅಚ್ಚಾದ ಮೊದಲ ಪುಸ್ತಕವೇ 1640ರ ಒಂದು ಕೀರ್ತನೆಗಳ ಸಂಗ್ರಹ, ‘ಬೇ ಸಾಮ್ ಬುಕ್’. ಆದರೆ ಆನ್ ಬ್ರ್ಯಾಡ್‌ಸ್ಟ್ರೀಟ್‌ಳನ್ನು ಓದದೆ ಈ ಮಾತು ಹೇಳಬೇಡಿ. ಎಂಟು ಮಕ್ಕಳ ತಾಯಿಯಾದ ಅವಳ ಕವಿತೆಗಳ ಹಸ್ತಪ್ರತಿಯನ್ನು ನಾದಿನಿಯೋ ತಂಗಿಯೋ ಅಲ್ಲ, ತಂಗಿಯ ಗಂಡ ಲಂಡನ್ನಿಗೆ ಒಯ್ದು 1650ರಲ್ಲಿ ಅಚ್ಚು ಹಾಕಿಸಿದ. ಅಚ್ಚಾದ ಪುಸ್ತಕ ಕಂಡು ಅವಳು ಬರೆದ ಕವಿತೆಯಲ್ಲಿ, ಅದು ಹರಕು ಬಟ್ಟೆ ತೊಟ್ಟು ಬೀದಿಗೆ ಹೋದ ಮಗು. ಮುಖ ತೊಳೆದಷ್ಟೂ ಕಲೆಗಳು ಹೆಚ್ಚು ಕಾಣುತ್ತವೆ.

1666ರ ಜುಲೈನಲ್ಲಿ ಅವಳ ಮನೆ ಸುಟ್ಟುಹೋಯಿತು. ಆ ಬಗ್ಗೆ ಬರೆದ ಕವಿತೆಯ ಕೊನೆಯಲ್ಲಿ ಎಲ್ಲವೂ ದೇವರದು, ಪರಲೋಕದಲ್ಲಿ ಬೇರೆ ಮನೆಯಿದೆ ಎಂಬ ಸಮಾಧಾನವಿದೆ. ಆದರೆ ಅಲ್ಲಿಗೆ ತಲುಪುವ ಮುನ್ನ ಅವಳು ಬೂದಿಯ ಪಕ್ಕದಲ್ಲಿ ಹಾದುಹೋಗುತ್ತಾ, ಇಲ್ಲಿ ಕೂರುತ್ತಿದ್ದೆ, ಇಲ್ಲಿ ಮಲಗುತ್ತಿದ್ದೆ, ಆ ಪೆಟ್ಟಿಗೆ ಅಲ್ಲಿತ್ತು ಎಂದು ಒಂದೊಂದಾಗಿ ನೆನೆಯುತ್ತಾಳೆ. ಉಪದೇಶ ಹೇಳುವ ಮನಸ್ಸು ಒಂದು ಕಡೆ, ಪೆಟ್ಟಿಗೆಯನ್ನು ಮರೆಯಲಾರದ ಮನಸ್ಸು ಇನ್ನೊಂದು ಕಡೆ. ನನಗೆ ಅಮೆರಿಕನ್ ಕಾವ್ಯ ಅಲ್ಲಿಂದ ಶುರುವಾಗುತ್ತದೆ.

ರೊಮ್ಯಾಂಟಿಕ್ ಎಂದರೆ ಪ್ರೇಮಕತೆಯಾ? ಹಾಥಾರ್ನ್‌ನ ಕಾದಂಬರಿಗಳಲ್ಲಿ ಪ್ರೇಮಕ್ಕಿಂತ ಪಾಪವೇ ಜಾಸ್ತಿ ಇದೆಯಲ್ಲ!

ಸಿನಿಮಾದ ‘ರೊಮ್ಯಾಂಟಿಕ್’ ಅನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ. ಹಾಥಾರ್ನ್ 1851ರ ಒಂದು ಮುನ್ನುಡಿಯಲ್ಲಿ ‘ನಾವೆಲ್’ ಮತ್ತು ‘ರೊಮಾನ್ಸ್’ ಎರಡನ್ನೂ ಬೇರೆ ಮಾಡುತ್ತಾನೆ. ನಾವೆಲ್ ಆದರೆ ದಿನನಿತ್ಯ ನಡೆಯಬಹುದಾದದ್ದಕ್ಕೆ ನಿಷ್ಠವಾಗಿರಬೇಕು. ರೊಮಾನ್ಸ್ ಮನುಷ್ಯನ ಹೃದಯದ ಸತ್ಯಕ್ಕೆ ನಿಷ್ಠವಾಗಿದ್ದರೆ ಸಾಕು. ಬೆಳಕು ನೆರಳುಗಳನ್ನು ತನಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಪಾಪ, ರಹಸ್ಯ, ಪೂರ್ವಿಕರ ಶಾಪ ಇವೆಲ್ಲ ಆ ನೆರಳಿನ ಸೊತ್ತು. ಹಾಥಾರ್ನ್, ಪೋ, ಮೆಲ್ವಿಲ್ ಮೂವರನ್ನೂ ಸೇರಿಸಿ ‘ಕರಾಳ ರೊಮ್ಯಾಂಟಿಕರು’ ಎನ್ನುವುದು ನಂತರದ ವಿಮರ್ಶಕರ ಅನುಕೂಲಕ್ಕೆ.

ಟ್ರಾನ್ಸೆಂಡೆಂಟಲಿಸಂ ಎಂದರೆ ನಮ್ಮ ಅದ್ವೈತವೇ ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಹೌದಾ?

ನೆಂಟಸ್ತಿಕೆ ಇದೆ, ಆದರೆ ಒಂದೇ ಮನೆಯಲ್ಲ. ಇದರ ಹುಟ್ಟು ಬಾಸ್ಟನ್ ಸುತ್ತಲಿನ ಚರ್ಚಿನ ಒಳಜಗಳದಲ್ಲಿ. ಯೂನಿಟೇರಿಯನ್ ಎಂಬ ಉದಾರ ಕ್ರೈಸ್ತ ಪಂಥದ ಪಾದ್ರಿಯಾಗಿದ್ದ ಎಮರ್ಸನ್, ಪ್ರಭುಭೋಜನದ ವಿಧಿಯನ್ನು ಮನಸ್ಸಿಲ್ಲದೆ ನಡೆಸಲಾರೆ ಎಂದು 1832ರಲ್ಲಿ ಕೆಲಸ ಬಿಟ್ಟ. 1836ರಲ್ಲಿ ‘ನೇಚರ್’ ಎಂಬ ಸಣ್ಣ ಪುಸ್ತಕ ಬಂತು, ಅದೇ ವರ್ಷ ಗೆಳೆಯರ ಕೂಟ ಸೇರತೊಡಗಿತು. ಸತ್ಯವನ್ನು ಶಾಸ್ತ್ರದಿಂದಲೋ ಇಂದ್ರಿಯದಿಂದಲೋ ಮಾತ್ರವಲ್ಲ, ಒಳಗಿನಿಂದ ನೇರವಾಗಿ ಅರಿಯಬಹುದು ಎಂಬುದು ತಿರುಳು. ಪದ ಜರ್ಮನಿಯ ಕಾಂಟ್‌ನಿಂದ ಬಂದದ್ದು. ಸುತ್ತಲಿನವರು ಅದನ್ನು ‘ಅರ್ಥವಾಗದ ಮಾತು’ ಎಂಬ ವ್ಯಂಗ್ಯದಲ್ಲಿ ಬಳಸುತ್ತಿದ್ದರು. ಎಮರ್ಸನ್ ತಾನೇ 1842ರ ಉಪನ್ಯಾಸದಲ್ಲಿ, ಜನ ಹಾಗೆ ಕರೆಯುವುದು ಹಳೆಯ ಆದರ್ಶವಾದವನ್ನೇ ಎಂದು ಹೆಸರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ಭಾರತ ಬಂದದ್ದು ಪುಸ್ತಕಗಳ ಮೂಲಕ. ಚಾರ್ಲ್ಸ್ ವಿಲ್ಕಿನ್ಸ್ 1785ರಲ್ಲಿ ಇಂಗ್ಲಿಷಿಗೆ ತಂದ ಗೀತೆಯನ್ನು ಎಮರ್ಸನ್ ಮತ್ತು ಅವನ ಕಿರಿಯ ಗೆಳೆಯ ಥೋರೋ ಇಬ್ಬರೂ ಓದಿದರು. 1857ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ಯ ಮೊದಲ ಸಂಚಿಕೆಯಲ್ಲೇ ಎಮರ್ಸನ್‌ನ ‘ಬ್ರಹ್ಮ’ ಎಂಬ ಪದ್ಯ ಬಂತು. ಕೊಲ್ಲುವವನು ತಾನು ಕೊಂದೆನೆಂದುಕೊಂಡರೆ, ಕೊಲೆಯಾದವನು ತಾನು ಸತ್ತೆನೆಂದುಕೊಂಡರೆ ಇಬ್ಬರಿಗೂ ತಿಳಿದಿಲ್ಲ ಎಂದು ಶುರುವಾಗುವ ಪದ್ಯ. ಗೀತೆಯ ಎರಡನೆಯ ಅಧ್ಯಾಯ ಗೊತ್ತಿದ್ದವರಿಗೆ ಇದರಲ್ಲಿ ಒಗಟೇನೂ ಇಲ್ಲ. ಅಮೆರಿಕದ ಓದುಗರು ಮಾತ್ರ ತಲೆ ಕೆರೆದುಕೊಂಡರು, ಅಣಕವಾಡುಗಳು ಹುಟ್ಟಿಕೊಂಡವು.

ಇನ್ನು ಎರಡರ ನಡುವಿನ ವ್ಯತ್ಯಾಸ. ಅದ್ವೈತದಲ್ಲಿ ‘ನಾನು’ ಕರಗಬೇಕು. ಎಮರ್ಸನ್‌ನ ‘ಸ್ವಾವಲಂಬನೆ’ಯಲ್ಲಿ ‘ನಾನು’ ಬೆನ್ನು ನೆಟ್ಟಗೆ ಮಾಡಿ ನಿಲ್ಲಬೇಕು. ಇದು ಸಣ್ಣ ವ್ಯತ್ಯಾಸವಲ್ಲ.

ಥೋರೋ ಕಾಡಿನಲ್ಲಿ ತಪಸ್ಸು ಮಾಡಿದ ಎನ್ನುವುದು ಸುಳ್ಳಂತೆ! ದಿನಾ ಮನೆಗೆ ಬಂದು ಊಟ ಮಾಡುತ್ತಿದ್ದನಂತೆ!

ತಪಸ್ಸು ಎಂದು ಅವನು ಹೇಳಿಕೊಂಡಿದ್ದರೆ ತಾನೇ ಸುಳ್ಳಾಗುವುದು? 1845ರ ಜುಲೈ 4ರಂದು ವಾಲ್ಡನ್ ಕೊಳದ ದಂಡೆಯ ಗುಡಿಸಲಿಗೆ ಹೋದ, 1847ರ ಸೆಪ್ಟೆಂಬರಿನಲ್ಲಿ ಬಿಟ್ಟ. ಜಾಗ ಎಮರ್ಸನ್‌ನದು. ಕಾಂಕರ್ಡ್ ಊರು ನಡೆದು ಹೋಗುವಷ್ಟು ಹತ್ತಿರ, ಅವನು ಹೋಗುತ್ತಲೂ ಇದ್ದ. ಪುಸ್ತಕದಲ್ಲಿ ‘ಅತಿಥಿಗಳು’ ಎಂಬ ಅಧ್ಯಾಯವೇ ಇದೆ. ಮೊಳೆ, ಹಲಗೆ, ಸುಣ್ಣ ಎಲ್ಲ ಸೇರಿ ಮನೆಗೆ ತಗುಲಿದ್ದು 28 ಡಾಲರ್ 12½ ಸೆಂಟ್ ಎಂದು ಅಂಗಡಿಯವನ ಹಾಗೆ ಪಟ್ಟಿ ಕೊಡುತ್ತಾನೆ. ಆ ಅರ್ಧ ಸೆಂಟ್ ನೋಡಿ. ಸನ್ಯಾಸಿ ಲೆಕ್ಕ ಇಡುವುದಿಲ್ಲ. ಇವನು ಇಟ್ಟದ್ದೇ ಲೆಕ್ಕ: ಬದುಕಲು ಎಷ್ಟು ಬೇಕು, ಉಳಿದದ್ದಕ್ಕೆ ನಾವು ಎಷ್ಟು ಆಯುಷ್ಯ ತೆರುತ್ತಿದ್ದೇವೆ ಎಂದು.

ಸೆರೆಮನೆಯ ಪ್ರಸಂಗವೂ ಇಂಥದ್ದೇ. 1846ರ ಜುಲೈನಲ್ಲಿ, ರಿಪೇರಿಗೆ ಕೊಟ್ಟ ಪಾದರಕ್ಷೆ ತರಲು ಊರಿಗೆ ಬಂದವನನ್ನು ತಲೆಗಂದಾಯ ಕಟ್ಟಿಲ್ಲವೆಂದು ಹಿಡಿದು ಒಂದು ರಾತ್ರಿ ಒಳಗಿಟ್ಟರು. ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ಕಂದಾಯ ಕೊಡಲಾರೆ ಎಂಬುದು ಅವನ ಹಟ. ಯಾರೋ ಹಣ ಕಟ್ಟಿದರು, ಬಿಟ್ಟರು, ಅವನು ಪಾದರಕ್ಷೆ ಇಸಿದುಕೊಂಡು ಹಣ್ಣು ಕೀಳಲು ಹೋದ. 1849ರಲ್ಲಿ ಅಚ್ಚಾದಾಗ ಆ ಪ್ರಬಂಧದ ಹೆಸರು ‘ನಾಗರಿಕ ಸರ್ಕಾರಕ್ಕೆ ಪ್ರತಿರೋಧ’. ನಾವೆಲ್ಲ ಬಲ್ಲ ‘ಸವಿನಯ ಕಾನೂನುಭಂಗ’ದ ಇಂಗ್ಲಿಷ್ ಹೆಸರು ಅದರ ತಲೆಯ ಮೇಲೆ ಕುಳಿತದ್ದು 1866ರಲ್ಲಿ, ಥೋರೋ ತೀರಿಕೊಂಡ ನಾಲ್ಕು ವರ್ಷಕ್ಕೆ. 1907ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ತಮ್ಮ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ ಅದನ್ನು ಪರಿಚಯಿಸಿದರು.

ಇನ್ನೊಂದು ನೆಂಟು ಇಲ್ಲೇ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ವಾಲ್ಡನ್ ಕೊಳದ ಮಂಜುಗಡ್ಡೆಯನ್ನು ಕೊಯ್ದು ವ್ಯಾಪಾರಕ್ಕೆ ಸಾಗಿಸುವುದನ್ನು ನೋಡಿದ ಥೋರೋ, ಮದರಾಸು, ಬೊಂಬಾಯಿ, ಕಲ್ಕತ್ತೆಗಳ ಜನ ತನ್ನ ಬಾವಿಯ ನೀರು ಕುಡಿಯುತ್ತಾರೆ ಎಂದು ಬರೆದ. ಚೆನ್ನೈನ ಮರೀನಾ ಎದುರಿನ ವಿವೇಕಾನಂದ ಭವನ ಮೊದಲು ಅಮೆರಿಕದ ಮಂಜುಗಡ್ಡೆಯ ಗೋದಾಮು. ಹಳಬರು ಈಗಲೂ ಅದನ್ನು ಐಸ್ ಹೌಸ್ ಎನ್ನುತ್ತಾರೆ.

## ನಡುಮನೆ

‘ಅಮೆರಿಕನ್ ರಿನೈಸಾನ್ಸ್’ ಎನ್ನುತ್ತೀರಿ. ಮೊದಲು ಸತ್ತಿದ್ದರೆ ತಾನೇ ಮರುಹುಟ್ಟು?

ಸರಿಯಾದ ತಕರಾರು. ಈ ಹೆಸರು ಎಫ್. ಒ. ಮ್ಯಾಥಿಸನ್ ಎಂಬ ಹಾರ್ವರ್ಡ್ ಪ್ರಾಧ್ಯಾಪಕ 1941ರಲ್ಲಿ ಬರೆದ ಗ್ರಂಥದ್ದು. 1850ರಿಂದ 1855ರೊಳಗೆ ‘ದಿ ಸ್ಕಾರ್ಲೆಟ್ ಲೆಟರ್’, ‘ಮೋಬಿ ಡಿಕ್’, ‘ವಾಲ್ಡನ್’, ‘ಲೀವ್ಸ್ ಆಫ್ ಗ್ರಾಸ್’ ಬಂದವು. ಐದೇ ವರ್ಷದಲ್ಲಿ ಇಷ್ಟು ಫಸಲು ಬಂದದ್ದನ್ನು ಕಂಡು ಅವನು ಬೆರಗಾದ. ಆದರೆ ಆ ಐದು ವರ್ಷಗಳಲ್ಲಿ ಬದುಕಿದ್ದವರಿಗೆ ಹಾಗೆ ಕಾಣಲಿಲ್ಲ. ಮೆಲ್ವಿಲ್ ಬದುಕಿದ್ದಾಗ ‘ಮೋಬಿ ಡಿಕ್’ ಮಾರಾಟವಾದದ್ದು ನಾಲ್ಕು ಸಾವಿರ ಪ್ರತಿಗಳಿಗೂ ಕಡಿಮೆ. ಅವನು ಕೊನೆಗೆ ನ್ಯೂಯಾರ್ಕ್ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿ ಹತ್ತೊಂಬತ್ತು ವರ್ಷ ದುಡಿದ.

ಅದೇ ಐದು ವರ್ಷದಲ್ಲಿ ಅಮೆರಿಕ ನಿಜಕ್ಕೂ ಓದಿದ್ದು ಹ್ಯಾರಿಯೆಟ್ ಬೀಚರ್ ಸ್ಟೋವ್ ಬರೆದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಅನ್ನು. ಮೊದಲ ವರ್ಷವೇ ಮೂರು ಲಕ್ಷ ಪ್ರತಿ ಹೋಯಿತು. ಮ್ಯಾಥಿಸನ್ನನ ಐವರು ನಾಯಕರ (ಎಮರ್ಸನ್, ಥೋರೋ, ಹಾಥಾರ್ನ್, ಮೆಲ್ವಿಲ್, ವಿಟ್ಮನ್) ಸಾಲಿನಲ್ಲಿ ಅವಳಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಲೇಖಕನಾದ ಫ್ರೆಡರಿಕ್ ಡಗ್ಲಸ್ ಇಲ್ಲ, ಪೋ ಕೂಡ ಇಲ್ಲ. ಹೆಸರಿಡುವವನು ಯಾರನ್ನು ಊಟಕ್ಕೆ ಕರೆದ, ಯಾರನ್ನು ಬಿಟ್ಟ ಎಂಬುದೇ ಮುಂದಿನ ಐವತ್ತು ವರ್ಷ ವಿಮರ್ಶಕರ ಜಗಳವಾಯಿತು.

ವಿಟ್ಮನ್ ಮತ್ತು ಎಮಿಲಿ ಡಿಕಿನ್ಸನ್ ಯಾವ ಚಳವಳಿಗೆ ಸೇರುತ್ತಾರೆ? ಗೈಡಿನಲ್ಲಿ ಒಂದೊಂದು ಕಡೆ ಒಂದೊಂದು ಥರ ಇದೆ.

ಗೈಡು ತಡವರಿಸುತ್ತಿರುವುದು ನ್ಯಾಯವಾಗಿಯೇ ಇದೆ. ಇಬ್ಬರೂ ಯಾವ ಗೂಡಿಗೂ ಪೂರ್ತಿ ಹೊಂದುವುದಿಲ್ಲ.

ವಿಟ್ಮನ್ 1855ರಲ್ಲಿ ಬ್ರೂಕ್ಲಿನ್‌ನಲ್ಲಿ ತನ್ನದೇ ಖರ್ಚಿನಲ್ಲಿ ಹನ್ನೆರಡು ಕವಿತೆಗಳ ಪುಸ್ತಕ ಅಚ್ಚು ಹಾಕಿಸಿದ. ಕೆಲವು ಪುಟಗಳ ಅಚ್ಚಿನ ಮೊಳೆ ಜೋಡಿಸಿದವನೂ ಅವನೇ. ಮುಖಪುಟದಲ್ಲಿ ಕವಿಯ ಹೆಸರಿಲ್ಲ, ಅದರೆದುರಿನ ಪುಟದಲ್ಲಿ ಕತ್ತಿನ ಗುಂಡಿ ಬಿಚ್ಚಿ ಸೊಂಟಕ್ಕೆ ಕೈಯಿಟ್ಟು ನಿಂತ ಚಿತ್ರವಿದೆ. ಎಮರ್ಸನ್ ಮೆಚ್ಚಿ ಬರೆದ ಖಾಸಗಿ ಪತ್ರದ ಸಾಲನ್ನು ಎರಡನೆಯ ಮುದ್ರಣದ ಬೆನ್ನ ಮೇಲೆ ಚಿನ್ನದ ಅಕ್ಷರದಲ್ಲಿ ಅಚ್ಚೊತ್ತಿಸಿದ, ಅದೂ ಕೇಳದೆ. ತನ್ನ ಪುಸ್ತಕಕ್ಕೆ ತಾನೇ ಅನಾಮಿಕ ವಿಮರ್ಶೆಗಳನ್ನೂ ಬರೆದುಕೊಂಡ. ಇದೆಲ್ಲ ಇಂದಿನವರ ಸಂಶೋಧನೆ ಎಂದುಕೊಂಡಿದ್ದಿರಾ?

ಡಿಕಿನ್ಸನ್ ಇದಕ್ಕೆ ತದ್ವಿರುದ್ಧ. ಸುಮಾರು 1,800 ಕವಿತೆ ಬರೆದಳು, ಬದುಕಿದ್ದಾಗ ಅಚ್ಚಾದದ್ದು ಹತ್ತರ ಆಸುಪಾಸು. 1886ರಲ್ಲಿ ತೀರಿಕೊಂಡ ಮೇಲೆ ತಂಗಿಗೆ ಸಿಕ್ಕಿದ್ದು ದಾರದಿಂದ ಹೊಲಿದ ನಲವತ್ತು ಪುಟ್ಟ ಕಟ್ಟುಗಳು ಮತ್ತು ಬಿಡಿ ಹಾಳೆಗಳು. 1890ರಲ್ಲಿ ಪ್ರಕಟಿಸಿದವರು ಅವಳ ಅಡ್ಡಗೆರೆಗಳನ್ನು ಅಳಿಸಿ ಅಲ್ಪವಿರಾಮ ಹಾಕಿದರು, ಪ್ರಾಸ ತಿದ್ದಿದರು, ತಲೆಬರಹ ಕೊಟ್ಟರು. 1955ರ ಸಂಪಾದನೆ ಬರುವತನಕ ಓದುಗರು ಓದಿದ್ದು ತಲೆ ಬಾಚಿ ಹೂ ಮುಡಿಸಿದ ಡಿಕಿನ್ಸನ್‌ಳನ್ನು. ಸಾವಿನ ಹಾಸಿಗೆಯ ಬಳಿ ನೊಣ ಗುಂಯ್‌ಗುಡುವ ಅವಳ ಕವಿತೆಯನ್ನು ಎರಡೂ ಪಾಠಗಳಲ್ಲಿ ಗಟ್ಟಿಯಾಗಿ ಓದಿ ನೋಡಿ. ಅಲ್ಪವಿರಾಮವಿದ್ದಲ್ಲಿ ನೊಣ ಸುಮ್ಮನೆ ಹಾರುತ್ತದೆ. ಅಡ್ಡಗೆರೆಯಿದ್ದಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ.

ಗುಲಾಮರ ಆತ್ಮಕಥನಗಳನ್ನು ಚರಿತ್ರೆಯ ದಾಖಲೆ ಎಂದು ಓದಬೇಕಾ, ಸಾಹಿತ್ಯ ಎಂದಾ?

1845ರ ಡಗ್ಲಸ್‌ನ ಪುಸ್ತಕದ ಶೀರ್ಷಿಕೆಯಲ್ಲೇ ‘ಸ್ವತಃ ತಾನೇ ಬರೆದದ್ದು’ ಎಂಬ ಮಾತಿದೆ. ಒಬ್ಬ ಲೇಖಕ ಹಾಗೆ ಬರೆದುಕೊಳ್ಳಬೇಕಾಗಿ ಬಂದದ್ದು ಯಾಕೆ ಎಂದು ಕೇಳಿಕೊಂಡರೆ ಉತ್ತರ ಅರ್ಧ ಸಿಕ್ಕಿತು. ಕರಿಯನಿಗೆ ಬರೆಯಲು ಬರುತ್ತದೆ ಎಂದು ನಂಬಿಸಲು ಬಿಳಿಯರ ಮುನ್ನುಡಿಯೂ ಬೇಕಿತ್ತು, ಅದೂ ಪುಸ್ತಕದಲ್ಲಿದೆ.

ಅವನು ಬರೆಯಲು ಕಲಿತ ರೀತಿ ನೋಡಿ. ಬಾಲ್ಟಿಮೋರ್‌ನ ಹಡಗುಕಟ್ಟೆಯಲ್ಲಿ ಬಡಗಿಗಳು ಮರದ ತುಂಡುಗಳ ಮೇಲೆ, ಅದು ಹಡಗಿನ ಎಡಭಾಗಕ್ಕೋ ಬಲಭಾಗಕ್ಕೋ ಎಂದು ತಿಳಿಯಲು ಒಂದೊಂದು ಅಕ್ಷರ ಗುರುತು ಹಾಕುತ್ತಿದ್ದರು. ಹುಡುಗ ಡಗ್ಲಸ್ ಅವನ್ನು ನೋಡಿ ನಾಲ್ಕು ಅಕ್ಷರ ಕಲಿತ. ಬೀದಿಯಲ್ಲಿ ಬಿಳಿ ಹುಡುಗರು ಸಿಕ್ಕಾಗ, ನಿನ್ನಷ್ಟೇ ಚೆನ್ನಾಗಿ ನಾನೂ ಬರೆಯುತ್ತೇನೆ ಎಂದು ಪಂಥ ಹೂಡುತ್ತಿದ್ದ. ಎಲ್ಲಿ ಬರೆದು ತೋರಿಸು ಎಂದರೆ ಆ ನಾಲ್ಕನ್ನು ಬರೆದು, ಇದನ್ನು ಮೀರಿಸು ನೋಡೋಣ ಎನ್ನುತ್ತಿದ್ದ. ಅವರು ಮೀರಿಸಲು ಹೋಗಿ ಉಳಿದ ಅಕ್ಷರಗಳನ್ನು ಕಲಿಸಿಬಿಡುತ್ತಿದ್ದರು. ಬೇಲಿ, ಇಟ್ಟಿಗೆ ಗೋಡೆ, ನೆಲವೇ ಹಲಗೆ, ಸೀಮೆಸುಣ್ಣವೇ ಲೇಖನಿ. ಇಂಥ ಕಡೆ ದಾಖಲೆ ಯಾವುದು, ಸಾಹಿತ್ಯ ಯಾವುದು ಎಂದು ಗೆರೆ ಎಳೆಯುವ ಉಸಾಬರಿ ನನಗೆ ಬೇಡ.

ಹ್ಯಾರಿಯೆಟ್ ಜೇಕಬ್ಸ್‌ಳ 1861ರ ಪುಸ್ತಕದ ಗತಿ ಇನ್ನೂ ಕಷ್ಟದ್ದು. ಯಜಮಾನನಿಂದ ತಪ್ಪಿಸಿಕೊಳ್ಳಲು ಮೂರಡಿ ಎತ್ತರದ ಅಟ್ಟದಲ್ಲಿ ಸುಮಾರು ಏಳು ವರ್ಷ ಅಡಗಿದ್ದವಳು ಅವಳು. ಬೇರೆ ಹೆಸರಿನಲ್ಲಿ ಬರೆದದ್ದರಿಂದ, ಇದು ಬಿಳಿಯಳೊಬ್ಬಳು ಕಟ್ಟಿದ ಕತೆ ಎಂದು ವಿದ್ವಾಂಸರೇ ಬಹಳ ಕಾಲ ನಂಬಿದ್ದರು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲ್ಲಿನ್ ಪತ್ರಗಳ ಆಧಾರ ಹಿಡಿದು ಜೇಕಬ್ಸ್‌ಳ ಕರ್ತೃತ್ವವನ್ನು ರುಜುವಾತು ಮಾಡಿದರು.

ನಮ್ಮ ಕಡೆಯ ಕೊಂಡಿ ಬೇಕೆನ್ನುವವರಿಗೆ: ಜೋತಿಬಾ ಫುಲೆ 1873ರ ತಮ್ಮ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ಗುಲಾಮರನ್ನು ಬಿಡುಗಡೆ ಮಾಡಿದ ಅಮೆರಿಕದ ಜನರಿಗೆ.

ರಿಯಲಿಸಂಗೂ ನ್ಯಾಚುರಲಿಸಂಗೂ ವ್ಯತ್ಯಾಸ ಒಂದೇ ವಾಕ್ಯದಲ್ಲಿ ಹೇಳಿ. ಹತ್ತು ಅಂಕದ ಪ್ರಶ್ನೆ.

ವಾಸ್ತವವಾದದಲ್ಲಿ ಮನುಷ್ಯ ತಪ್ಪು ಆಯ್ಕೆ ಮಾಡುತ್ತಾನೆ. ನಿಸರ್ಗವಾದದಲ್ಲಿ ಅವನಿಗೆ ಆಯ್ಕೆಯೇ ಅಷ್ಟಾಗಿ ಇರುವುದಿಲ್ಲ.

ಅಂಕಕ್ಕೆ ಇಷ್ಟು ಸಾಲದು. ಹೌವೆಲ್ಸ್, ಹೆನ್ರಿ ಜೇಮ್ಸ್, ಮಾರ್ಕ್ ಟ್ವೇನ್ ಮೊದಲ ಸಾಲಿನವರು. ಸ್ಟೀಫನ್ ಕ್ರೇನ್, ಫ್ರ್ಯಾಂಕ್ ನಾರಿಸ್, ಡ್ರೈಸರ್ ಎರಡನೆಯ ಸಾಲು. ಬೆನ್ನ ಹಿಂದೆ ಫ್ರಾನ್ಸಿನ ಕಾದಂಬರಿಕಾರ ಜೋಲಾ ಮತ್ತು ವಿಕಾಸವಾದದ ಡಾರ್ವಿನ್. ವಾಸ್ತವವಾದವೆಂದರೆ ಒಡೆದ ಚಹಾ ಕಪ್ಪಿನ ನಾಟಕ ಎಂದು ನಾರಿಸ್ ಗೇಲಿ ಮಾಡಿದ್ದ.

1897ರ ಜನವರಿಯಲ್ಲಿ ಫ್ಲೋರಿಡಾ ಕಡಲಿನಲ್ಲಿ ಕ್ರೇನ್ ಹೋಗುತ್ತಿದ್ದ ಹಡಗು ಮುಳುಗಿತು. ನಾಲ್ಕು ಜನ ಪುಟ್ಟ ದೋಣಿಯೊಂದರಲ್ಲಿ ಒಂದು ದಿನಕ್ಕೂ ಹೆಚ್ಚು ಹೊತ್ತು ತೇಲಿದರು. ಆ ಅನುಭವದಿಂದ ಬಂದ ಕತೆಯ ಮೊದಲ ವಾಕ್ಯ: ಆಕಾಶದ ಬಣ್ಣ ಏನೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಣ್ಣು ಅಲೆಯ ಮೇಲೆ ನೆಟ್ಟಿದ್ದರೆ ಆಕಾಶ ನೋಡಲು ಪುರುಸೊತ್ತೆಲ್ಲಿ? ದಡ ಕಾಣುತ್ತದೆ, ದಡದಲ್ಲಿ ನಿಂತವನೊಬ್ಬ ಕೋಟು ಬೀಸುತ್ತಾನೆ, ಸಹಾಯ ಬರುವುದಿಲ್ಲ. ಕೊನೆಗೆ ನಾಲ್ವರಲ್ಲಿ ಸಾಯುವವನು ಎಲ್ಲರಿಗಿಂತ ಗಟ್ಟಿಮುಟ್ಟಾಗಿದ್ದ ಎಣ್ಣೆ ಹಾಕುವ ಕೆಲಸದವನು. ಕಡಲಿಗೆ ಅವನ ಮೇಲೆ ಸಿಟ್ಟಿಲ್ಲ, ಕರುಣೆಯೂ ಇಲ್ಲ. ನಿಸರ್ಗವಾದ ಎಂದರೆ ಇದು.

‘ಮಕ್‌ರೇಕರ್’ ಎಂಬುದು ಬೈಗುಳವಾ?

ಹೌದು, ಬೈಗುಳವೇ. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ತನಿಖಾ ಪತ್ರಕರ್ತರ ಮೇಲೆ ಬೇಸತ್ತು, ಹದಿನೇಳನೆಯ ಶತಮಾನದ ಇಂಗ್ಲಿಷ್ ಲೇಖಕ ಬನ್ಯನ್‌ನ ಕೃತಿಯಲ್ಲಿ ತಲೆಯೆತ್ತದೆ ಕಸ ಕೆದಕುತ್ತಲೇ ಇರುವ ಪಾತ್ರಕ್ಕೆ ಅವರನ್ನು ಹೋಲಿಸಿದ. ಅವರು ಅದನ್ನೇ ಬಿರುದಾಗಿ ಧರಿಸಿದರು. ಅದೇ ವರ್ಷ ಅಪ್ಟನ್ ಸಿಂಕ್ಲೇರ್ ಶಿಕಾಗೊ ಕಸಾಯಿಖಾನೆಗಳ ಕಾರ್ಮಿಕರ ಬವಣೆ ಕುರಿತು ಕಾದಂಬರಿ ತಂದ. ಜನ ಕಾರ್ಮಿಕರನ್ನು ಬಿಟ್ಟು ಮಾಂಸದ ಹೊಲಸಿಗೆ ಹೇಸಿದರು, ಮಾಂಸ ತಪಾಸಣೆಯ ಕಾನೂನು ಬಂತು. ಹೃದಯಕ್ಕೆ ಗುರಿಯಿಟ್ಟೆ, ಹೊಟ್ಟೆಗೆ ತಾಗಿತು ಎಂದು ಅವನೇ ಹೇಳಿಕೊಂಡ.

‘ಲಾಸ್ಟ್ ಜನರೇಷನ್’ ಎಂದು ಹೆಸರಿಟ್ಟದ್ದು ಹೆಮಿಂಗ್ವೇನಾ?

ಅಲ್ಲ. ಗ್ಯಾರೇಜಿನ ಮಾಲೀಕ ಎಂದೆನಲ್ಲ, ಅವನು ಬರುವುದು ಇಲ್ಲಿ. ಪ್ಯಾರಿಸ್‌ನಲ್ಲಿದ್ದ ಅಮೆರಿಕನ್ ಲೇಖಕಿ ಗರ್ಟ್ರೂಡ್ ಸ್ಟೈನ್ ತನ್ನ ಕಾರನ್ನು ರಿಪೇರಿಗೆ ಕೊಟ್ಟಿದ್ದಳು. ಮೊದಲ ಮಹಾಯುದ್ಧದಿಂದ ಮರಳಿದ್ದ ಹುಡುಗ ಕೆಲಸ ಸರಿಯಾಗಿ ಮಾಡಲಿಲ್ಲ. ಮಾಲೀಕ ಅವನನ್ನು ಗದರುತ್ತಾ ನೀವೆಲ್ಲ ಕಳೆದುಹೋದ ಪೀಳಿಗೆ ಎಂದನಂತೆ. ಸ್ಟೈನ್ ಆ ಮಾತನ್ನು ಹೆಮಿಂಗ್ವೇಗೆ ಅಂಟಿಸಿದಳು. ಅವನು 1926ರ ತನ್ನ ಕಾದಂಬರಿಯ ಮೊದಲ ಪುಟದಲ್ಲಿ ಅದನ್ನು ಅವಳ ಹೆಸರಿನಲ್ಲೇ ಹಾಕಿದ, ಪಕ್ಕದಲ್ಲಿ ಬೈಬಲ್ಲಿನ ವಾಕ್ಯವೊಂದನ್ನು ಇಟ್ಟ: ಪೀಳಿಗೆಗಳು ಹೋಗುತ್ತವೆ, ಬರುತ್ತವೆ, ಭೂಮಿ ಮಾತ್ರ ಇರುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ಅವನು ಆ ಹೆಸರನ್ನು ಒಪ್ಪಿದನೋ ಅಣಕಿಸಿದನೋ ಎಂಬ ಸಂಶಯ ಬರುತ್ತದೆ. ಬರಬೇಕು.

ಹಾರ್ಲೆಮ್ ರಿನೈಸಾನ್ಸ್‌ನ ಎಲ್ಲರೂ ಹಾರ್ಲೆಮ್‌ನವರೇನು?

ಅಲ್ಲ. ಕ್ಲಾಡ್ ಮೆಕೇ ಜಮೈಕಾದವನು, ಜೋರಾ ನೀಲ್ ಹರ್ಸ್ಟನ್ ಬೆಳೆದದ್ದು ಫ್ಲೋರಿಡಾದಲ್ಲಿ. ದಕ್ಷಿಣದ ಹೊಲಗಳಿಂದ ಉತ್ತರದ ನಗರಗಳಿಗೆ ಲಕ್ಷಾಂತರ ಕಪ್ಪು ಜನ ವಲಸೆ ಬಂದಾಗ ನ್ಯೂಯಾರ್ಕಿನ ಆ ಬಡಾವಣೆ ಎಲ್ಲರೂ ಸೇರುವ ಅಂಗಳವಾಯಿತು. ಅಲೈನ್ ಲಾಕ್ 1925ರಲ್ಲಿ ಸಂಪಾದಿಸಿದ ಸಂಕಲನದ ಹೆಸರಿನಿಂದ, ಆಗ ಅದಕ್ಕೆ ‘ನ್ಯೂ ನೀಗ್ರೊ’ ಚಳವಳಿ ಎಂದೇ ಕರೆ. ಒಳಗೆ ಒಮ್ಮತ ಇರಲಿಲ್ಲ. ‘ನನಗೆ ಕವಿಯಾಗಬೇಕು, ನೀಗ್ರೊ ಕವಿ ಅಲ್ಲ’ ಎಂದ ಒಬ್ಬ ತರುಣ ಕವಿಯ ಮಾತನ್ನು ಎತ್ತಿಕೊಂಡು ಲ್ಯಾಂಗ್‌ಸ್ಟನ್ ಹ್ಯೂಸ್ 1926ರ ಪ್ರಬಂಧದಲ್ಲಿ, ಇದರರ್ಥ ನನಗೆ ಬಿಳಿಯನಾಗಬೇಕು ಎಂದೇ ಅಲ್ಲವೇ ಎಂದು ಕೇಳಿದ. ಹರ್ಸ್ಟನ್ 1960ರಲ್ಲಿ ಬಡತನದಲ್ಲಿ ಸತ್ತಳು, ಸಮಾಧಿಗೆ ಕಲ್ಲು ಕೂಡ ಇರಲಿಲ್ಲ. 1973ರಲ್ಲಿ ಆಲಿಸ್ ವಾಕರ್ ಹುಲ್ಲು ಬೆಳೆದ ಸ್ಮಶಾನದಲ್ಲಿ ಹುಡುಕಾಡಿ ಕಲ್ಲು ನೆಡಿಸಿದಳು.

## ಅಟ್ಟ

ಇಮೇಜಿಸಂ ಎಂದರೆ ಎರಡೇ ಸಾಲು ಬರೆದರೂ ಕವಿತೆ ಆಗುತ್ತದೆ ಎಂದಾ?

ಎರಡು ಸಾಲು ಉಳಿಯುವ ತನಕ ಕಡಿಯಬೇಕು ಎಂದು. ಆ ಚಳವಳಿಯ ಮುಂದಾಳು, ಕವಿ ಎಜ್ರಾ ಪೌಂಡ್ ಪ್ಯಾರಿಸ್ ಮೆಟ್ರೊ ನಿಲ್ದಾಣದಲ್ಲಿ ಕಂಡ ಮುಖಗಳ ಬಗ್ಗೆ ಮೊದಲು ಮೂವತ್ತು ಸಾಲು ಬರೆದು ಹರಿದುಹಾಕಿದ. ಆರು ತಿಂಗಳ ಮೇಲೆ ಅರ್ಧದಷ್ಟು ಬರೆದ. ವರ್ಷ ಕಳೆದ ಮೇಲೆ ಉಳಿದದ್ದು ಎರಡು ಸಾಲು, ಅಚ್ಚಾದದ್ದು 1913ರಲ್ಲಿ: ಸಂದಣಿಯಲ್ಲಿ ಮೂಡುವ ಮುಖಗಳು, ಒದ್ದೆಯಾದ ಕಪ್ಪು ಕೊಂಬೆಯ ಮೇಲಿನ ಎಸಳುಗಳು. ಅಷ್ಟೇ. ನಡುವೆ ‘ಹಾಗೆ’ ಇಲ್ಲ, ‘ಅಂತೆ’ ಇಲ್ಲ. ಉಪಮೆಯ ಸೇತುವೆ ಕಿತ್ತುಹಾಕಿ ಎರಡು ದಡಗಳನ್ನಷ್ಟೇ ಇಟ್ಟಿದ್ದಾನೆ, ಹಾರಬೇಕಾದವರು ನಾವು. ಕನ್ನಡದಲ್ಲಿ ‘ಪ್ರತಿಮೆ’ ಎಂಬ ಮಾತು ವಿಮರ್ಶೆಯಲ್ಲಿ ಇಷ್ಟು ಓಡಾಡುವುದರ ಹಿಂದೆ ಈ ಪಾಠವೂ ಇದೆ. ಚಳವಳಿ ಆಮೇಲೆ ಕವಯಿತ್ರಿ ಏಮಿ ಲೋವೆಲ್ ಕೈಗೆ ಹೋದಾಗ ಪೌಂಡ್ ಅದನ್ನು ಅವಳ ಹೆಸರಿಟ್ಟು ‘ಏಮಿಜಿಸಂ’ ಎಂದು ಹಂಗಿಸಿದ.

ಎಲಿಯಟ್ ಅಮೆರಿಕನ್ನೋ ಬ್ರಿಟಿಷೋ? ಎರಡೂ ಪೇಪರಿನಲ್ಲಿ ಬರುತ್ತಾನಲ್ಲ.

ಹುಟ್ಟಿದ್ದು 1888ರಲ್ಲಿ ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿ, ಬ್ರಿಟಿಷ್ ಪ್ರಜೆಯಾದದ್ದು 1927ರಲ್ಲಿ. ಅವನ 1922ರ ಮಹಾಕವಿತೆ ‘ದಿ ವೇಸ್ಟ್ ಲ್ಯಾಂಡ್’ ಪ್ರಕಟವಾದಾಗ ಇನ್ನೂ ಅಮೆರಿಕನ್ನೇ. ಅದನ್ನು ಕತ್ತರಿಸಿ ತಿದ್ದಿದ ಪೌಂಡ್ ಕೂಡ ಅಮೆರಿಕನ್. ಕೊನೆಯಲ್ಲಿ ಬರುವ ದತ್ತ, ದಯಧ್ವಂ, ದಾಮ್ಯತ ಬೃಹದಾರಣ್ಯಕದ್ದು. ಹಾರ್ವರ್ಡ್‌ನಲ್ಲಿ ಸಂಸ್ಕೃತ ಕಲಿತದ್ದರ ಫಲ. ಅಡಿಗರ ಮೂಲಕ ಎಲಿಯಟ್‌ನನ್ನು ತಲುಪಿದ ನಮ್ಮ ತಲೆಮಾರಿಗೆ ಒಂದು ಎಚ್ಚರಿಕೆ: ‘ನವ್ಯ’ವನ್ನು ಮಾಡರ್ನಿಸಂ ಎಂದೂ ‘ನವೋದಯ’ವನ್ನು ರಿನೈಸಾನ್ಸ್ ಎಂದೂ ಉತ್ತರಪತ್ರಿಕೆಯಲ್ಲಿ ಸಲೀಸಾಗಿ ಬದಲಾಯಿಸಬೇಡಿ. ಹಾರ್ಲೆಮ್‌ನ ರಿನೈಸಾನ್ಸ್ ಮತ್ತು ಎಲಿಯಟ್‌ನ ಮಾಡರ್ನಿಸಂ ಒಂದೇ ದಶಕದವು. ನಮ್ಮಲ್ಲಿ ಒಂದರ ಮೇಲೆ ಮುನಿದು ಇನ್ನೊಂದು ಬಂತು.

ನ್ಯೂ ಕ್ರಿಟಿಸಿಸಂ ಹಳತಾಗಿ ಎಷ್ಟೋ ಕಾಲವಾಯಿತು. ಇನ್ನೂ ಯಾಕೆ ‘ನವ’ವಿಮರ್ಶೆ?

ಜಾನ್ ಕ್ರೋ ರ‍್ಯಾನ್ಸಮ್ 1941ರ ತನ್ನ ಪುಸ್ತಕಕ್ಕೆ ಆ ಹೆಸರಿಟ್ಟ, ಹೆಸರು ಹೋಗಲಿಲ್ಲ. ಹೊಸ ಬಸ್ ನಿಲ್ದಾಣ ಐವತ್ತು ವರ್ಷವಾದರೂ ಹೊಸ ಬಸ್ ನಿಲ್ದಾಣವೇ ತಾನೇ? ಕವಿಯ ಜೀವನ, ಉದ್ದೇಶ, ಓದುಗನ ಕಣ್ಣೀರು ಎಲ್ಲವನ್ನೂ ಬದಿಗಿಟ್ಟು ಪುಟದ ಮೇಲಿನ ಪದಗಳನ್ನಷ್ಟೇ ನೋಡಿ ಎಂಬುದು ಅದರ ಪಟ್ಟು; ಇದೇ ‘ನಿಕಟ ಓದು’. ಬ್ರೂಕ್ಸ್ ಮತ್ತು ವಾರನ್ 1938ರಲ್ಲಿ ತಂದ ಪಠ್ಯಪುಸ್ತಕ ಅದನ್ನು ಅಮೆರಿಕದ ತರಗತಿಗಳ ಒಳಗೆ ತಂದಿತು. ಸ್ವಾರಸ್ಯವೆಂದರೆ, ಚರಿತ್ರೆಯನ್ನು ಬದಿಗಿಡಿ ಎಂದ ಇದೇ ರ‍್ಯಾನ್ಸಮ್ ಮತ್ತು ಗೆಳೆಯರು 1930ರಲ್ಲಿ ದಕ್ಷಿಣದ ಹಳೆಯ ಬೇಸಾಯದ ಬದುಕನ್ನು ಎತ್ತಿಹಿಡಿಯುವ ಪ್ರಣಾಳಿಕೆ ಹೊರಡಿಸಿದ್ದರು. ಆ ಬೇಸಾಯದ ಹಿಂದೆ ಗುಲಾಮಗಿರಿಯ ಚರಿತ್ರೆಯಿತ್ತು. ಬದಿಗಿಟ್ಟದ್ದು ಏನನ್ನು ಎಂದು ಕೇಳುವುದು ನಿಕಟ ಓದಿನ ಭಾಗವೇ ಎಂದು ನಾನು ತಿಳಿದಿದ್ದೇನೆ.

ಬೀಟ್ ಮತ್ತು ಬೀಟ್‌ನಿಕ್ ಒಂದೇ ತಾನೇ?

ಬೀಟ್ ಎಂಬುದು ಬೀದಿಯ ಮಾತು: ಸೋತು ಸುಣ್ಣವಾದವನು. 1950ರ ದಶಕದ ಬೀಟ್ ಲೇಖಕರ ಗುಂಪಿನ ಕಾದಂಬರಿಕಾರ ಕೆರೊವಾಕ್ ಅದಕ್ಕೆ ಆಮೇಲೆ ‘ಧನ್ಯತೆ’ ಎಂಬ ಅರ್ಥವನ್ನೂ ಹಚ್ಚಿದ. ಗೆಳೆಯ ಜಾನ್ ಕ್ಲೆಲನ್ ಹೋಮ್ಸ್ 1952ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಲೇಖನ ಬರೆದು ಪ್ರಚಾರ ಕೊಟ್ಟ. ‘ಬೀಟ್‌ನಿಕ್’ ಎಂಬುದು 1958ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಅಂಕಣಕಾರ ಹರ್ಬ್ ಕೇನ್ ಮಾಡಿದ ತಮಾಷೆ. ರಷ್ಯಾದ ಸ್ಪುಟ್ನಿಕ್ ಆಗಷ್ಟೇ ಹಾರಿತ್ತು, ಅದರ ಬಾಲ ಇವರಿಗೆ ಅಂಟಿತು. ಗಿನ್ಸ್‌ಬರ್ಗ್ ಎಂಬ ಬೀಟ್ ಕವಿ ತನ್ನ ದೀರ್ಘ ಕವಿತೆ ‘ಹೌಲ್’ ಅನ್ನು 1955ರ ಅಕ್ಟೋಬರ್ 7ರಂದು ಅದೇ ಊರಿನಲ್ಲಿ ಮೊದಲು ಓದಿದ. 1957ರಲ್ಲಿ ಅದರ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆದು, ನ್ಯಾಯಾಧೀಶ ಹಾರ್ನ್ ಕವಿತೆಯ ಪರವಾಗಿ ತೀರ್ಪು ಕೊಟ್ಟ. 1962–63ರಲ್ಲಿ ಗಿನ್ಸ್‌ಬರ್ಗ್ ಕಾಶಿ, ಕಲ್ಕತ್ತೆಗಳಲ್ಲಿ ತಿಂಗಳುಗಟ್ಟಲೆ ಇದ್ದ.

ಕನ್ಫೆಷನಲ್ ಕವಿತೆ ಎಂದರೆ ಡೈರಿಯನ್ನು ಸಾಲು ಮುರಿದು ಬರೆಯುವುದಾ?

1959ರಲ್ಲಿ ಎಂ. ಎಲ್. ರೋಸೆಂಥಾಲ್ ಎಂಬ ವಿಮರ್ಶಕ ರಾಬರ್ಟ್ ಲೋವೆಲ್‌ನ ಸಂಕಲನದ ಬಗ್ಗೆ ಬರೆಯುತ್ತಾ ‘ಕನ್ಫೆಷನ್’ ಎಂಬ ಮಾತು ಬಳಸಿದ. ಅದು ಚರ್ಚಿನ ಮಾತು, ಪಾಪ ಮಾಡಿದವರು ಪಾದ್ರಿಯ ಕಿವಿಯಲ್ಲಿ ಹೇಳುವಂಥದ್ದು. ಹಾಗೆ ಕರೆದ ಕೂಡಲೇ, ಅದೇ ಗುಂಪಿಗೆ ಸೇರಿಸಲಾದ ಸಿಲ್ವಿಯಾ ಪ್ಲಾತ್‌ಳ ಕವಿತೆಯ ಕಟ್ಟಡ ಮರೆಯಾಗಿ ಅವಳ ಆತ್ಮಹತ್ಯೆಯಷ್ಟೇ ಕಾಣತೊಡಗಿತು. ಈ ಹಣೆಪಟ್ಟಿಯ ಬಗ್ಗೆ ಏನನ್ನಿಸುತ್ತದೆ ಎಂದು ಇನ್ನೊಬ್ಬ ಕವಿ ಜಾನ್ ಬೆರಿಮನ್‌ನನ್ನು ಸಂದರ್ಶನದಲ್ಲಿ ಕೇಳಿದಾಗ ಅವನೆಂದ: ರೋಷ ಮತ್ತು ತಿರಸ್ಕಾರ, ಮುಂದಿನ ಪ್ರಶ್ನೆ.

ಮೆಟಾಫಿಕ್ಷನ್ ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ.

ಭಾಗವತರು ವೇಷಧಾರಿಯನ್ನು ನಿಲ್ಲಿಸಿ ‘ನೀನು ಯಾರಪ್ಪ?’ ಎಂದು ಕೇಳುವುದನ್ನು ನೋಡಿದ್ದೀರಾ? ಹಾಗಿದ್ದರೆ ಹತ್ತಿದೆ. ಕತೆಯೇ ತಾನು ಕತೆಯೆಂದು ಬಾಯಿಬಿಡುವುದು ಅದು. ಅಮೆರಿಕದಲ್ಲಿ ಈ ಪದ ವಿಲಿಯಂ ಗ್ಯಾಸ್‌ನ 1970ರ ಪ್ರಬಂಧದಿಂದ ಚಾಲ್ತಿಗೆ ಬಂತು. ಬಾರ್ತ್, ವಾನಗಟ್, ಪಿಂಚನ್ ಇವರನ್ನು ಓದುವಾಗ ಬೇಕಾಗುತ್ತದೆ.

‘ನೇಟಿವ್ ಅಮೆರಿಕನ್ ರಿನೈಸಾನ್ಸ್’ ಎಂಬುದಕ್ಕೆ ಆ ಜನರೇ ಆಕ್ಷೇಪಿಸುತ್ತಾರಂತೆ, ನಿಜವಾ?

ಕೆಲವರು ಆಕ್ಷೇಪಿಸುತ್ತಾರೆ. ಕಿಯೋವ ಜನಾಂಗದ ಎನ್. ಸ್ಕಾಟ್ ಮೊಮಡೆಯ 1968ರ ಕಾದಂಬರಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು, 1977ರಲ್ಲಿ ಲೆಸ್ಲಿ ಮಾರ್ಮನ್ ಸಿಲ್ಕೊಳ ಕಾದಂಬರಿ ಬಂತು. ಈ ಹೆಸರು 1983ರಲ್ಲಿ ವಿಮರ್ಶಕ ಕೆನೆತ್ ಲಿಂಕನ್ ಇಟ್ಟದ್ದು. ಹಾಡು, ಕತೆ, ಆಚರಣೆಗಳು ಬಾಯಿಂದ ಬಾಯಿಗೆ ಹರಿಯುತ್ತಲೇ ಇದ್ದವು. ಇಂಗ್ಲಿಷ್ ಕಾದಂಬರಿಯಾಗಿ ನಿಮ್ಮ ಕೈಗೆ ಸಿಕ್ಕಿದ ದಿನವನ್ನು ನಮ್ಮ ಮರುಹುಟ್ಟು ಎನ್ನಬೇಡಿ ಎಂಬುದು ತಕರಾರು. ಪ್ಯೂರಿಟನ್ನರಿಂದ ಸಾಹಿತ್ಯ ಚರಿತ್ರೆ ಶುರುಮಾಡುವ ಎಲ್ಲ ಪಠ್ಯಕ್ರಮಗಳಿಗೂ, ಈ ಪುಟಕ್ಕೂ, ಅದು ತಗುಲುತ್ತದೆ.

ಟೋನಿ ಮಾರಿಸನ್‌ಳ ‘ಬಿಲವೆಡ್’ ಯಾವ ಗುಂಪಿಗೆ? ಗುಲಾಮಗಿರಿ ಮುಗಿದು ನೂರು ವರ್ಷದ ಮೇಲೆ ಬರೆದದ್ದಲ್ಲವೇ?

‘ನವ ಗುಲಾಮ ಕಥನ’ ಎನ್ನುತ್ತಾರೆ. ವಿಮರ್ಶಕ ಬರ್ನಾರ್ಡ್ ಬೆಲ್ 1987ರಲ್ಲಿ ಈ ಪದ ಬಳಸಿದ, ಕಾದಂಬರಿಯೂ ಅದೇ ವರ್ಷದ್ದು. ಒಮ್ಮೆಯಾದರೂ ಕೂಸು ಮತ್ತು ಹೆಸರು ಜೊತೆಯಲ್ಲಿ ಬಂದವು. ಹಳೆಯ ಆತ್ಮಕಥನಗಳು ಬಿಳಿಯ ಓದುಗರ ಮನಸ್ಸು ನೋಯದಂತೆ ಕೆಲವು ಕಡೆ ಪರದೆ ಎಳೆದು ಮುಂದೆ ಸಾಗುತ್ತಿದ್ದವು. ಆ ಪರದೆಯ ಹಿಂದೆ ಹೋಗುವುದು ತನ್ನ ಕೆಲಸ ಎಂದುಕೊಂಡವಳು ಮಾರಿಸನ್. ರ‍್ಯಾಂಡಮ್ ಹೌಸ್‌ನಲ್ಲಿ ಸಂಪಾದಕಿಯಾಗಿದ್ದಾಗ, ಕಪ್ಪು ಜನರ ಬದುಕಿನ ದಾಖಲೆಗಳನ್ನು ಒಟ್ಟುಮಾಡಿ 1974ರಲ್ಲಿ ತಂದ ಪುಸ್ತಕದ ಕೆಲಸದ ನಡುವೆ ಅವಳಿಗೆ ಒಂದು ಹಳೆಯ ಪತ್ರಿಕೆಯ ತುಣುಕು ಸಿಕ್ಕಿತು. 1856ರ ಜನವರಿಯಲ್ಲಿ ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ಹೆಣ್ಣು ಮಕ್ಕಳೊಂದಿಗೆ ಕೆಂಟಕಿಯಿಂದ ಹೆಪ್ಪುಗಟ್ಟಿದ ಒಹಾಯೊ ನದಿಯ ಮೇಲೆ ನಡೆದು ಸಿನ್ಸಿನಾಟಿಗೆ ದಾಟಿದಳು. ಹಿಡಿಯುವವರು ಮನೆ ಸುತ್ತುವರಿದಾಗ, ಮತ್ತೆ ಗುಲಾಮಗಿರಿಗೆ ಹೋಗಬಾರದೆಂದು ಎರಡು ವರ್ಷದ ಮಗಳನ್ನು ತಾನೇ ಕೊಂದಳು. ಆಗ ನ್ಯಾಯಾಲಯದಲ್ಲಿ ನಡೆದ ವಾದ, ಅವಳನ್ನು ಕೊಲೆಗಾರ್ತಿ ಎಂದು ವಿಚಾರಿಸಬೇಕೋ ಯಜಮಾನನ ಸೊತ್ತೆಂದು ಹಿಂದಿರುಗಿಸಬೇಕೋ ಎಂಬುದು. ಸೊತ್ತೆಂದು ಹಿಂದಿರುಗಿಸಿದರು.